ಪಿಂಚಣಿ ಕಾಗದದ ಮೇಜು: ಕೋಲಾರದ ಫೌಜಿ ಮನೆಗಳ ಜೊತೆ ನನ್ನ ಅನುಭವ

"ಫೌಜಿ ಮನೆ ಹೆಂಗಸರು ಬಾಯಿ ಬಿಡಲ್ಲ ಮೇಡಂ, ಸುಮ್ನೆ ಬಾಡಿಗೆ ದಂಡ." ಮಾಜಿ ಸೈನಿಕರ ಮನೆಗಳಲ್ಲಿ ಗಂಡನ ಹೊಡೆತ ಸಹಿಸುವ ಹೆಂಗಸರಿಗೆಂದು ಕೋಲಾರದಲ್ಲಿ ಒಂದು ಕೇಂದ್ರ ತೆರೆಯುತ್ತೇನೆ ಎಂದಾಗ, ನೊಂದ ಮಹಿಳೆಯರಿಗೆ ನೆರವಾಗುವ ಸಾಂತ್ವನ ಕೇಂದ್ರಗಳಲ್ಲಿ ನನಗಿಂತ ಹೆಚ್ಚು ವರ್ಷ ಸವೆಸಿದವರೇ ಹೀಗೆ ಹೇಳಿದ್ದರು. ಮಾಜಿ ಸೈನಿಕರಲ್ಲಿ ಹಿರಿಯರೊಬ್ಬರದು ಇನ್ನೂ ಖಡಾಖಂಡಿತ ಮಾತು: "ನಮ್ಮದು ಶಿಸ್ತಿನ ಜನ, ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ." ನಮ್ಮ ಯಜಮಾನರು, ತಾವೂ 22 ವರ್ಷ ಸರ್ವಿಸ್ ಮುಗಿಸಿ ಬಂದವರು, "ಆರು ತಿಂಗಳು ನೋಡು, ಆಮೇಲೆ ಜೆರಾಕ್ಸ್ ಅಂಗಡಿ ಹಾಕ್ಕೊಳ್ಳುವಿಯಂತೆ" ಎಂದು ನಕ್ಕಿದ್ದರು. ಕೊನೆಗೆ ಜೆರಾಕ್ಸ್ ಮಿಷನ್ನೇ ಕೈಹಿಡಿಯಿತು, ಅದು ಬೇರೆ ಮಾತು.

ಈಗ ಐದನೇ ವರ್ಷ. ರಿಜಿಸ್ಟರಿನಲ್ಲಿ 300ರ ಹತ್ತಿರ ಮಾಜಿ ಸೈನಿಕರ ಕುಟುಂಬಗಳಿವೆ. ಗಂಡನ ಹೊಡೆತ, ಬೆದರಿಕೆ, ಕೈಗೆ ದುಡ್ಡು ಸಿಗದಂತೆ ಮಾಡುವುದು, ಇಂಥ ಮಾತು ಹೊರಬಿದ್ದದ್ದು ಅವುಗಳಲ್ಲಿ 90 ಮನೆಗಳಿಂದಿರಬಹುದು. ಡಿಐಆರ್, ಅಂದರೆ ಕೌಟುಂಬಿಕ ಘಟನೆಯ ವರದಿ, ಬರೆಸಿ ಕೋರ್ಟಿನ ತನಕ ಹೋದದ್ದು 30ಕ್ಕೆ ಸ್ವಲ್ಪ ಕಡಿಮೆ. ಸಂಖ್ಯೆ ದೊಡ್ಡದಲ್ಲ, ಗೊತ್ತು. ಆದರೆ "ಒಬ್ಬಳೂ ಬರಲ್ಲ" ಎಂದವರು ಈಗ ತಮ್ಮ ತಾಲ್ಲೂಕಿನ ಕೇಸುಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಹಾಗಾಗಿ ಇದನ್ನು ಬರೆಯುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ಅದರಡಿ ಸಂರಕ್ಷಣಾಧಿಕಾರಿಯಾಗಿರುವ ಸಿಡಿಪಿಒ, ಒಂದೇ ಕಡೆ ಎಲ್ಲ ನೆರವು ಕೊಡುವ ಸಖಿ ಕೇಂದ್ರ, ಮಹಿಳಾ ಸಹಾಯವಾಣಿ 181, ಇವೆಲ್ಲ ಈ ಕೆಲಸದಲ್ಲಿರುವ ನಿಮಗೆ ಗೊತ್ತಿರುವುದೇ. ನೇರ ವಿಷಯಕ್ಕೆ ಬರುತ್ತೇನೆ. ಮನೆಗಳ ಗುರುತು ಸಿಗದಂತೆ ಊರು, ವಯಸ್ಸು ಬದಲಿಸಿದ್ದೇನೆ.

ಮೊದಲು ಎಲ್ಲರಂತೆ ಬೋರ್ಡ್ ಹಾಕಿದೆ. ಡೂಂ ಲೈಟ್ ಸರ್ಕಲ್ಲಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಮೊದಲ ಮಹಡಿಯಲ್ಲಿ ಒಂದೂವರೆ ಕೋಣೆ. ಬಾಡಿಗೆ 6,500, ಅಡ್ವಾನ್ಸ್ 50,000. 'ಮಾಜಿ ಸೈನಿಕರ ಕುಟುಂಬ ಸಲಹಾ ಕೇಂದ್ರ' ಎಂಬ ಫ್ಲೆಕ್ಸಿಗೆ 3,000 ಚಿಲ್ಲರೆ. ಮೂರ್ನಾಲ್ಕು ತಿಂಗಳು ಆ ಮೆಟ್ಟಿಲು ಹತ್ತಿದವರೆಂದರೆ ಇನ್ಶೂರೆನ್ಸ್ ಏಜೆಂಟರು, ಪಕ್ಕದ ಹಲ್ಲಿನ ಡಾಕ್ಟರನ್ನು ಹುಡುಕಿಕೊಂಡು ಬಂದವರು. ಕೆಳಗೆ ಟೀ ಅಂಗಡಿ. ಸಲಹಾ ಕೇಂದ್ರದ ಮೆಟ್ಟಿಲು ಹತ್ತುವ ಹೆಂಗಸನ್ನು ಅಲ್ಲಿ ಕೂತವರು ನೋಡೇ ನೋಡುತ್ತಾರೆ. ಅವರಲ್ಲಿ ಒಬ್ಬನಾದರೂ ಅವಳ ಗಂಡನ ಜೊತೆ ನರಸಾಪುರದ ಫ್ಯಾಕ್ಟರಿ ಗೇಟಿನಲ್ಲಿ ಸೆಕ್ಯೂರಿಟಿ ಡ್ಯೂಟಿ ಮಾಡುವವನು ಸಿಕ್ಕೇ ಸಿಗುತ್ತಾನೆ. ಸಂಜೆಯೊಳಗೆ ಸುದ್ದಿ ಮನೆಗೆ.

ಕಾರ್ಗಿಲ್ ವಿಜಯ ದಿವಸದ ಒಂದು ಕಾರ್ಯಕ್ರಮದಲ್ಲಿ ಮಾತಾಡಲು ಹತ್ತು ನಿಮಿಷ ಕೊಟ್ಟರು. ಮೈಕಿನಲ್ಲಿ 'ಕೌಟುಂಬಿಕ ದೌರ್ಜನ್ಯ' ಎಂದದ್ದೇ ತಡ, ಹಿಂದಿನ ಎರಡು ಸಾಲು ಎದ್ದು ಊಟದ ಕಡೆ ಹೊರಟಿತು. ಮೆಡಲ್ ಹಾಕಿಕೊಂಡು ಬಂದ ದಿನ ಆ ಮಾತು ಯಾರಿಗೆ ಬೇಕು? ಆಮೇಲೆ ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಮನೆಗೆ ಹೋಗಿ ನೋಡಿದ್ದಾಯಿತು. ಅತ್ತೆ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದರೆ ಸೊಸೆ ಏನು ಹೇಳುತ್ತಾಳೆ? "ಚೆನ್ನಾಗಿದೀವಿ ಅಕ್ಕ, ಕಾಫಿ ಕುಡೀರಿ." ಪೆಟ್ರೋಲಿಗೇ 12,000 ಹೋಗಿರಬೇಕು. ಗೋಡೆಗೆ ಅಂಟಿಸಿದ ಪೋಸ್ಟರುಗಳಲ್ಲಿ ಉಳಿದುಕೊಂಡದ್ದು ಹೆಂಗಸರ ಟಾಯ್ಲೆಟ್ಟಿನ ಬಾಗಿಲ ಒಳಗೆ ಹಚ್ಚಿದ ಅಂಗೈಯಗಲದ ಸ್ಟಿಕ್ಕರ್ ಮಾತ್ರ. 181 ಮತ್ತು 112, ಅಷ್ಟೇ ಬರೆದದ್ದು. ಅದನ್ನು ಈಗಲೂ ಮುಂದುವರಿಸಿದ್ದೇವೆ, 500 ಸ್ಟಿಕ್ಕರಿಗೆ 900 ರೂಪಾಯಿ ಬೀಳುತ್ತದೆ.

ದಾರಿ ಸಿಕ್ಕಿದ್ದು ಒಬ್ಬ ಹವಾಲ್ದಾರರಿಂದ. ಪಿಪಿಒ ಎಂಬ ಪಿಂಚಣಿ ಆದೇಶ ಪತ್ರದಲ್ಲಿ ಹೆಂಡತಿಯ ಹೆಸರು ಲಕ್ಷ್ಮೀದೇವಮ್ಮ, ಆಧಾರಿನಲ್ಲಿ ಲಕ್ಷ್ಮಮ್ಮ, ಹುಟ್ಟಿದ ವರ್ಷದಲ್ಲೂ ನಾಲ್ಕು ವರ್ಷ ಹೆಚ್ಚುಕಮ್ಮಿ. ಸೇರುವಾಗ ಯಾರೋ ಗುಮಾಸ್ತ ಬರೆದುಕೊಂಡದ್ದು. ಸೇನಾ ಪಿಂಚಣಿಯನ್ನು ಆನ್‌ಲೈನ್ ಮಾಡಿದ ಸ್ಪರ್ಶ್ ಬಂದ ಮೇಲೆ ಇಂಥ ತಪ್ಪುಗಳೆಲ್ಲ ಕಣ್ಣಿಗೆ ಹೊಡೆಯತೊಡಗಿದವು. ಫೋನ್ ಹಿಡಿದು ರೇಗಾಡುತ್ತಾ ಕೆಳಗಿನ ಅಂಗಡಿಗೆ ಜೆರಾಕ್ಸಿಗೆ ಬಂದಿದ್ದರು. ನಮ್ಮ ಯಜಮಾನರ ಕಾಗದಗಳನ್ನೆಲ್ಲ ನಾನೇ ಓಡಾಡಿ ಮಾಡಿಸಿದ್ದರಿಂದ ಅಫಿಡವಿಟ್, ಜೋಡಿ ಫೋಟೊ, ರೆಕಾರ್ಡ್ ಆಫೀಸಿನ ಪತ್ರ, ಈ ಸುತ್ತು ನನಗೆ ಬಾಯಿಪಾಠ. ಎರಡು ಮೂರು ತಿಂಗಳಲ್ಲಿ ಸರಿಹೋಯಿತು. ಅದೇ ವಾರದಿಂದ ಶುರು: "ಮೇಡಂ, ನಂದೂ ಒಂದು ನೋಡಿ."

ಫ್ಲೆಕ್ಸ್ ಕಿತ್ತು 'ಪಿಂಚಣಿ, ಇಸಿಎಚ್ಎಸ್ ಕಾಗದ ಪತ್ರ ಮಾಡಿಕೊಡಲಾಗುವುದು' ಎಂದು ಬರೆಸಿದೆ. ಇಸಿಎಚ್ಎಸ್ ಎಂದರೆ ಮಾಜಿ ಸೈನಿಕರಿಗೂ ಅವರ ಕುಟುಂಬಕ್ಕೂ ಇರುವ ಚಿಕಿತ್ಸೆಯ ಸೌಲಭ್ಯ. ಹಳೇ ಜೆರಾಕ್ಸ್ ಮಿಷನ್ 28,000ಕ್ಕೆ ಸಿಕ್ಕಿತು, ಡ್ರಮ್ ಬದಲಿಸಲು ಮತ್ತೆ 4,000. ಅಲ್ಲಿಂದಾಚೆ ಗಂಡಂದಿರು ತಾವೇ ಹೆಂಡತಿಯರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದು ಬಿಟ್ಟರು. ತಾನು ಹೋದ ಮೇಲೆ ಫ್ಯಾಮಿಲಿ ಪೆನ್ಷನ್ನಿಗೆ ಇವಳು ಅಲೆಯಬಾರದು ಎನ್ನುವ ಕಾಳಜಿ ಅವರಿಗೆ ನಿಜವಾಗಿಯೂ ಇದೆ. ಅದೇ ಮನುಷ್ಯ ರಾತ್ರಿ ಬೆಲ್ಟ್ ಬಿಚ್ಚುವುದೂ ನಿಜ. ಇವೆರಡೂ ಒಂದೇ ಮನೆಯಲ್ಲಿ ಹೇಗೆ ಎಂದು ತಲೆಕೆಡಿಸಿಕೊಳ್ಳುವುದನ್ನು ನಾನು ಬಿಟ್ಟಿದ್ದೇನೆ.

ಫ್ಯಾಮಿಲಿ ಪೆನ್ಷನ್ ಕಾಗದಗಳಲ್ಲಿ 'ಗುರುತಿನ ಮಚ್ಚೆ' ಎಂಬ ಕಾಲಂ ಇದೆಯಲ್ಲ, ಅದನ್ನು ತುಂಬಲು ಹೆಂಡತಿಯನ್ನು ಒಳಗಿನ ಅರ್ಧ ಕೋಣೆಗೆ ಕರೆಯುತ್ತೇವೆ. ಮಚ್ಚೆ ನೋಡುವಾಗ ಗಂಡಸರು ಇರುವಂತಿಲ್ಲ ಎಂದರೆ ಯಾವ ಗಂಡನೂ ತಕರಾರು ಮಾಡಿಲ್ಲ. ಸಹಿಯ ಮಾದರಿ, ಎತ್ತರ, ಮಚ್ಚೆ, ಎಲ್ಲ ಸೇರಿ ಹತ್ತು ಹನ್ನೆರಡು ನಿಮಿಷ. ಬಂಗಾರಪೇಟೆ ಕಡೆಯ ಒಬ್ಬ ಹೆಂಗಸು ಎಡಗೈ ಸೀರೆಯೊಳಗಿಂದ ತೆಗೆಯದೆ ಬಲಗೈಯಲ್ಲೇ ಎಲ್ಲ ಮಾಡುತ್ತಿದ್ದಳು. ಮಚ್ಚೆ ಎಲ್ಲಮ್ಮಾ ಅಂದರೆ ಕತ್ತಿನ ಮೇಲಿನ ಸಣ್ಣ ಕಪ್ಪು ಚುಕ್ಕಿ ತೋರಿಸಿದಳು. ಇನ್ನೊಂದು ಬೇಕು, ಎರಡು ಕಾಲಂ ಇದೆ ಎಂದೆ. ಸ್ವಲ್ಪ ಹೊತ್ತು ಫಾರಂ ನೋಡಿದಳು. ಆಮೇಲೆ ಎಡಗೈ ಹೊರಗೆ ತೆಗೆದು ಮೇಜಿನ ಮೇಲೆ ಇಟ್ಟಳು. ಮೊಣಕೈಯಿಂದ ಮಣಿಕಟ್ಟಿನ ತನಕ ಇಸ್ತ್ರಿಪೆಟ್ಟಿಗೆಯ ಅಂಚು ಕೂತ ಗೆರೆ. "ಇದನ್ನೇ ಬರ್ಕೊಳಿ ಅಕ್ಕ, ಇದು ಹೋಗೋದಿಲ್ಲ" ಎಂದಳು. ಹಾಗೇ ಬರೆದೆ: ಎಡ ಮುಂಗೈಯಲ್ಲಿ ಸುಟ್ಟ ಗಾಯದ ಕಲೆ. ಎರಡು ವರ್ಷದ ಮೇಲೆ ಆ ಫಾರಮ್ಮಿನ ನಕಲು ಕೋರ್ಟಿನಲ್ಲಿ ನಮಗೇ ಉಪಯೋಗಕ್ಕೆ ಬಂತು. ಗಾಯ ಹೊಸದು, ತಾನೇ ಮಾಡಿಕೊಂಡದ್ದು ಎಂದು ಎದುರಿನವರು ಹೇಳಿದಾಗ, ಗಂಡನ ಸಹಿಯೂ ಇದ್ದ ಹಳೇ ಕಾಗದ ಮುಂದಿಟ್ಟೆವು.

ಆ ಹತ್ತು ನಿಮಿಷದಲ್ಲಿ ನಾನು ಮೊದಲು ಕೇಳುವ ಮಾತು ಯಾವುದು ಎಂದು ಬಹಳ ಜನ ಕೇಳಿದ್ದಾರೆ. ಅದು ನನ್ನಲ್ಲೇ ಇರಲಿ. ಎದುರು ಬಂದು ಕೂತರೆ ಹೇಳಿಕೊಡುತ್ತೇನೆ, ಬರೆಯುವುದಿಲ್ಲ. ಒಬ್ಬಳಿಗೆ ತುರ್ತಾದಾಗ ನಮಗೆ ಫೋನ್ ಮುಟ್ಟುವ ದಾರಿಯನ್ನೂ ಬರೆಯುವುದಿಲ್ಲ. ಮಚ್ಚೆ ಕಾಲಮ್ಮಿನ ವಿಷಯ ಬರೆದರೆ ಗಂಡಸರಿಗೆ ತಿಳಿಯುವುದಿಲ್ಲವೇ ಅನ್ನಬಹುದು. ಅವರಿಗೆ ಆಗಲೇ ಗೊತ್ತು. ಆದರೂ ಬರುತ್ತಾರೆ, ಯಾಕೆಂದರೆ ಕಾಗದದ ಕೆಲಸ ನಾವು ನಿಜವಾಗಿ ಮಾಡಿಕೊಡುತ್ತೇವೆ. ಅದು ನೆಪ ಅಲ್ಲ. ಒಂದು ಅರ್ಜಿ ಬಾಕಿ ಬಿದ್ದರೂ ಈ ಮೇಜಿಗೆ ಬೆಲೆ ಇರುವುದಿಲ್ಲ. ಇದನ್ನು ನಕಲು ಮಾಡುವವರು ಮೊದಲು ಸ್ಪರ್ಶ್ ಕಲಿಯಿರಿ, ಕೌನ್ಸೆಲಿಂಗ್ ಆಮೇಲೆ.

ನಡುವೆ ಒಂದು ಪ್ರಯೋಗ. ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಆಸ್ಪತ್ರೆಗಳಲ್ಲಿ ಇ-ಹಿಟ್ಸ್ ಎಂಬ ಐದು ಪ್ರಶ್ನೆಯ ಹಾಳೆ ಬಳಸುತ್ತಾರೆ. ಸಂಗಾತಿ ಎಷ್ಟು ಸಲ ಹೊಡೆದ, ಅವಮಾನ ಮಾಡಿದ, ಬೆದರಿಸಿದ, ಕಿರುಚಾಡಿದ, ಬಲವಂತ ಮಾಡಿದ ಎಂದು ಕೇಳಿ, ಯಾವತ್ತೂ ಇಲ್ಲ ಎಂಬುದಕ್ಕೆ 1ರಿಂದ ಹಿಡಿದು 5ರ ತನಕ ಅಂಕ. ಅದನ್ನೇ ಕನ್ನಡದಲ್ಲೂ, ಗಡಿಯ ಊರುಗಳವರಿಗೆಂದು ತೆಲುಗಿನಲ್ಲೂ ಮಾಡಿ 40 ಜನರ ಹತ್ತಿರ ಕೇಳಿದೆ. ಹೆಚ್ಚಿನವರು ಎಲ್ಲದಕ್ಕೂ 2 ಹಾಕಿದರು. ತಲೆಗೆ ಹೊಲಿಗೆ ಹಾಕಿಸಿಕೊಂಡವಳದೂ 2, ಬರೀ ಬೈಗುಳದ ಮನೆಯದೂ 2. ಅಂಕ ಬಿಟ್ಟು "ಕೊನೇ ಸಲ ಯಾವಾಗ?" ಎಂದು ಕೇಳಿದ ಮೇಲೆ ಮಾತು ಬಂತು. "ಯುಗಾದಿ ಹಿಂದಿನ ದಿನ", "ಮಗಳ ಪರೀಕ್ಷೆ ನಡೀತಿರುವಾಗ". ಹಬ್ಬ, ಪರೀಕ್ಷೆ, ಸಂಬಳದ ದಿನ, ಅವರ ನೆನಪು ಕೂತಿರುವುದು ಅಲ್ಲಿ. ಒಂದು ಪ್ರಶ್ನೆಯನ್ನು ಮಾತ್ರ ನೇರವಾಗಿ, ತಪ್ಪದೇ ಕೇಳುತ್ತೇವೆ: ಕುತ್ತಿಗೆ ಹಿಸುಕಿದ್ದಾರಾ? ಹೌದೆಂದರೆ ಆ ದಿನದ ಬೇರೆ ಕೆಲಸ ಬಂದ್. ಹೊರಗೆ ಕಲೆ ಕಾಣದಿದ್ದರೂ ದನಿ ಬದಲಾಗಿದ್ದರೆ, ನುಂಗಲು ಕಷ್ಟವಾದರೆ ಅವತ್ತೇ ಆಸ್ಪತ್ರೆಗೆ. ಕುತ್ತಿಗೆಗೆ ಕೈ ಹಾಕಿದ ಮನೆಯಲ್ಲಿ ಮುಂದೆ ಕೊಲೆಯಾಗುವ ಅಪಾಯ ಬೇರೆ ಮನೆಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಎಂಬುದು ಈ ಕ್ಷೇತ್ರದಲ್ಲಿ ಸಂಶೋಧನೆಯಿಂದಲೇ ಗಟ್ಟಿಯಾದ ಸಂಗತಿ.

ಇನ್ನು ರಾಜಿ ಪಂಚಾಯ್ತಿ. ಗಂಡ ಹೆಂಡತಿಯನ್ನು ಜೊತೆಗೆ ಕೂರಿಸುವುದಿಲ್ಲ, ಇದು ನಮ್ಮಲ್ಲಿ ಕಟ್ಟುನಿಟ್ಟು. ಇದಕ್ಕೇ ನನಗೆ ಹೆಚ್ಚು ಬೈಗುಳ ಬಿದ್ದದ್ದು. 2005ರ ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿ ಮ್ಯಾಜಿಸ್ಟ್ರೇಟರು ಇಬ್ಬರನ್ನು ಕೌನ್ಸೆಲಿಂಗಿಗೆ ಒಬ್ಬೊಬ್ಬರಾಗಿಯೂ ಕಳಿಸಬಹುದು, ಜೊತೆಯಾಗಿಯೂ ಕಳಿಸಬಹುದು. ನಮ್ಮ ಜನ ಎರಡನೆಯದನ್ನಷ್ಟೇ ಓದಿಕೊಂಡಿದ್ದಾರೆ. ಹೊಡೆದದ್ದಕ್ಕೆ ಕಾರಣ ಕೊಡಲು ಕೌನ್ಸೆಲಿಂಗಿನಲ್ಲಿ ಗಂಡನಿಗೆ ಅವಕಾಶವಿಲ್ಲ ಎಂದು ಅದೇ ಕಾಯ್ದೆಯ 2006ರ ನಿಯಮಗಳಲ್ಲಿ ಸ್ಪಷ್ಟವಾಗಿದೆ, ಅದನ್ನಂತೂ ಯಾರೂ ನೋಡುವುದಿಲ್ಲ. ಮಾಲೂರು ಕಡೆಯ ಒಂದು ಮನೆ. ನಮ್ಮ ಹತ್ತಿರ ಬರುವ ಮುಂಚೆ ಬೇರೆ ಕಡೆ ಹಿರಿಯರು ಇಬ್ಬರನ್ನೂ ಕೂರಿಸಿ, ಅವಳ ಬಾಯಿಂದ ಎಲ್ಲ ಹೇಳಿಸಿ, ಅವನ ಹತ್ತಿರ ಮುಚ್ಚಳಿಕೆ ಬರೆಸಿ, ಕಾಫಿ ಕೊಟ್ಟು ಕಳಿಸಿದ್ದರು. "ಸಭೇಲಿ ನನ್ನ ಮಾನ ತೆಗೆದೆ" ಎಂದು ಅವನು ಬೈಕ್ ನಿಲ್ಲಿಸಿದ್ದು ಊರ ಕೆರೆ ಏರಿಯ ಮೇಲೆ. ಮುಚ್ಚಳಿಕೆ ಅವನ ಜೇಬಿನಲ್ಲೇ ಇತ್ತು.

ನಮ್ಮಲ್ಲಿ ಮೇಜು ಎರಡು. ಗಂಡಸರ ಮೇಜಿಗೆ ಒಬ್ಬ ನಿವೃತ್ತ ಸುಬೇದಾರ್ ಸಾಬ್. ಎರಡು ಮೇಜಿನ ನಡುವೆ ಮಾತು ದಾಟುವುದಿಲ್ಲ. ಇವಳು ಹೇಳಿದ್ದು ಅವರಿಗೆ ತಿಳಿಯುವುದಿಲ್ಲ, ಅಪಾಯ ಕಂಡರೆ ಅವರು ನನಗೆ ಒಂದು ಸಣ್ಣ ಚೀಟಿ ಕೊಡುತ್ತಾರೆ, ಅಷ್ಟೇ. "ಫೌಜಿ ಫೌಜಿಯ ಪರ ನಿಲ್ಲುತ್ತಾನೆ" ಎಂದು ಮಹಿಳಾ ಸಂಘಟನೆಯ ಗೆಳತಿಯರು ಹೆದರಿಸಿದ್ದರು. ಸುಬೇದಾರ್ ಸಾಬ್ ಮೊದಲ ತಿಂಗಳೇ ಒಬ್ಬನಿಗೆ ಹೇಳಿದ ಮಾತು ಕೇಳಿ ನನಗೆ ಸಮಾಧಾನವಾಯಿತು. ಅವನು "ಬಾರ್ಡರಲ್ಲಿ ಇದ್ದು ಇದ್ದು ತಲೆ ಕೆಟ್ಟಿದೆ ಸಾಬ್, ಸಿಟ್ಟು ತಡೆಯಕ್ಕಾಗಲ್ಲ" ಎಂದ. ಇವರು ಕೇಳಿದರು: "ಫ್ಯಾಕ್ಟರಿಯಲ್ಲಿ ನಿನಗಿಂತ ಇಪ್ಪತ್ತು ವರ್ಷ ಚಿಕ್ಕ ಹುಡುಗ ಮ್ಯಾನೇಜರ್ ಅಂತ ಬಂದು ಬೈತಾನಲ್ಲ, ಅವನ ಮೇಲೆ ಎಷ್ಟು ಸಲ ಕೈ ಎತ್ತಿದೀಯಾ?" ಉತ್ತರ ಇರಲಿಲ್ಲ.

ಅದರ ಅರ್ಥ ಯುದ್ಧಭೂಮಿಯ ಗಾಯ ಸುಳ್ಳು ಎಂದಲ್ಲ. ನಿದ್ದೆಯಲ್ಲಿ ಬೆಚ್ಚಿ ಎದ್ದು ಪಕ್ಕದಲ್ಲಿ ಮಲಗಿದವಳ ತೋಳು ತಿರುಚಿದವರಿದ್ದಾರೆ, ಎಚ್ಚರವಾದ ಮೇಲೆ ಕೂತು ಅತ್ತವರಿದ್ದಾರೆ. ಅದಕ್ಕೆ ಔಷಧ ಇದೆ, ಬೇರೆ ಹಾಸಿಗೆ ಹಾಕಿಕೊಳ್ಳುವ ಉಪಾಯ ಇದೆ, ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರಿದ್ದಾರೆ, ರಾತ್ರಿಯಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ 14416 ಟೆಲಿ-ಮಾನಸ್ ಇದೆ. ಆದರೆ ಎಚ್ಚರದಲ್ಲಿದ್ದು, ಬಾಗಿಲು ಹಾಕಿ, ಟಿವಿ ಸದ್ದು ಜಾಸ್ತಿ ಮಾಡಿ ಹೊಡೆಯುವುದು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಇಬ್ಬರಿಗೂ ಮೋಸ.

ಗಂಡಸರ ಗುಂಪು ನಡೆಸಲು ಹೋಗಿ ಕೈ ಸುಟ್ಟುಕೊಂಡದ್ದನ್ನೂ ಹೇಳಬೇಕು. ಬಾಸ್ಟನ್ನಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕೇಸಿ ಟ್ಯಾಫ್ಟ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ 'ಸ್ಟ್ರೆಂತ್ ಅಟ್ ಹೋಮ್' ಎಂಬ ಕಾರ್ಯಕ್ರಮ ಇದೆ, 12 ವಾರ, ವಾರಕ್ಕೆ ಎರಡು ಗಂಟೆ. ಅದರ ಮಾದರಿಯಲ್ಲೇ ಭಾನುವಾರ ಸಂಜೆ ಶುರು ಮಾಡಿದೆವು. ಕುರ್ಚಿ, ಬಿಳಿ ಹಲಗೆ, ಬೋಂಡಾ ಕಾಫಿ ಸೇರಿ ಸಲಕ್ಕೆ 800 ರೂಪಾಯಿ. ಎಂಟು ಜನ ಬಂದರು. ಮೂರನೇ ವಾರಕ್ಕೆ ಮೂರು, ಐದನೇ ವಾರಕ್ಕೆ ಬೋಂಡಾ ತಿನ್ನಲು ಒಬ್ಬ. ಸಂಜೆ ಏಳಕ್ಕೆ ನೈಟ್ ಶಿಫ್ಟಿನ ಬಸ್ಸು, ಅದೊಂದು ಕಾರಣ. ದೊಡ್ಡ ಕಾರಣ ಎಂದರೆ, ಶಾಲೆಯ ಮಕ್ಕಳಂತೆ ಕುರ್ಚಿಯಲ್ಲಿ ಕೂತು ಮನಸ್ಸಿನ ಮಾತು ಹೇಳುವುದು ಅವರಿಗಾಗದು.

ಸುಬೇದಾರ್ ಸಾಬ್ ತಾವಾಗಿಯೇ ಅದನ್ನು ಬೆಳಗ್ಗೆ ಐದೂವರೆಗೆ, ಜಿಲ್ಲಾ ಕ್ರೀಡಾಂಗಣಕ್ಕೆ ಒಯ್ದರು. ಫೌಜಿಗೆ ಬೆಳಗ್ಗೆ ಐದೂವರೆ ಎಂದರೆ ಪಿಟಿ, ಪ್ರಶ್ನೆಯೇ ಇಲ್ಲ, ಬರುತ್ತಾನೆ. ಇಬ್ಬಿಬ್ಬರೇ ನಡೆಯುವುದು. ಮುಖ ನೋಡಬೇಕಿಲ್ಲವಲ್ಲ, ಹಾಗಾಗಿ ಮಾತು ಸಲೀಸು. ಮೊದಲ ಸುತ್ತು ನಿದ್ದೆ ಹೇಗಿದೆ, ಎರಡನೆಯದು ಶುಗರ್, ಡ್ಯೂಟಿ, ಮೂರನೇ ಸುತ್ತಿಗೆ ಮನೆ. ಟ್ಯಾಫ್ಟ್ ಅವರ ಕ್ರಮದಲ್ಲಿರುವ 'ಸಿಟ್ಟು ಏರುವ ಗುರುತು ಕಂಡರೆ ಜಾಗ ಬಿಡು' ಎಂಬುದನ್ನು ಇವರು ಹೀಗೆ ಹೇಳಿಕೊಡುತ್ತಾರೆ: "ಪೊಸಿಷನ್ ಬಿಟ್ಟು ಹಿಂದೆ ಸರಿ. ಅರ್ಧ ಗಂಟೆ. ವಾಪಸ್ ಎಷ್ಟು ಹೊತ್ತಿಗೆ ಬರ್ತೀನಿ ಅಂತ ಹೇಳಿ ಹೋಗು. ಬೈಕ್ ಮುಟ್ಟಬೇಡ, ವೈನ್ ಶಾಪ್ ಕಡೆ ತಿರುಗಬೇಡ." ಖರ್ಚು ಒಂದು ಟೀ. 40ರ ಹತ್ತಿರ ಗಂಡಸರು ಹೀಗೆ ನಡೆದಿದ್ದಾರೆ, 15 ಜನ ಆರು ತಿಂಗಳಿಗಿಂತ ಹೆಚ್ಚು ಕಾಲ. ಅವರಲ್ಲಿ ಎಷ್ಟು ಜನ ಬದಲಾದರು ಎಂದು ಅವರನ್ನು ಕೇಳುವುದಿಲ್ಲ, ಹೆಂಡತಿಯರನ್ನು ನಾನು ಬೇರೆಯಾಗಿ ಕೇಳುತ್ತೇನೆ. ಅರ್ಧದಷ್ಟು ಮನೆಗಳಲ್ಲಿ ಕೈ ನಿಂತಿದೆ, ಬಾಯಿ ನಿಂತಿಲ್ಲ. 'ಕೌನ್ಸೆಲಿಂಗಿಗೆ ಹಾಜರಾಗಿದ್ದಾರೆ' ಎಂಬ ಸರ್ಟಿಫಿಕೇಟ್ ಮಾತ್ರ ಯಾರಿಗೂ ಕೊಡುವುದಿಲ್ಲ. ಒಬ್ಬ ವಕೀಲರು ಅದಕ್ಕೆ 5,000 ಕೊಡಲು ಬಂದಿದ್ದರು. ಕೇಸ್ ಕೆಡವಲು ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ನಾನು ವಕೀಲರ ಜೊತೆ ಜಗಳವಾಡುವುದು ಡೈವೋರ್ಸಿನ ಮೇಲೆ. ಹೊಡೆತ ಎಂದ ಕೂಡಲೇ ಡೈವೋರ್ಸ್ ಅರ್ಜಿ ಟೈಪ್ ಮಾಡಿಸುತ್ತಾರೆ. ಡೈವೋರ್ಸ್ ಆದ ದಿನ ಅವಳ ಇಸಿಎಚ್ಎಸ್ ಹೋಯಿತು, ಅವನು ಸತ್ತ ಮೇಲೆ ಬರಬೇಕಾದ ಫ್ಯಾಮಿಲಿ ಪೆನ್ಷನ್ನೂ ಹೋಯಿತು. ಐವತ್ತು ದಾಟಿದ, ಬಿಪಿ ಶುಗರ್ ಇರುವ ಹೆಂಗಸಿಗೆ ಅದು ಸಣ್ಣ ನಷ್ಟವಲ್ಲ. ಬೇಕೇ ಬೇಕು ಎಂದವಳಿಗೆ ಅಡ್ಡ ಬರಲ್ಲ, ಆದರೆ ಏನು ಹೋಗುತ್ತದೆ ಎಂದು ಮೊದಲೇ ಹಾಳೆಯ ಮೇಲೆ ಬರೆದು ತೋರಿಸುತ್ತೇನೆ. ಹೆಚ್ಚಿನವರು ಆರಿಸುವುದು ಬೇರೆ ದಾರಿ: ಮದುವೆ ಕಾಗದದಲ್ಲಿ ಹಾಗೇ ಇರಲಿ, 2005ರ ಕಾಯ್ದೆಯಲ್ಲಿ ರಕ್ಷಣೆ, ವಾಸ, ಖರ್ಚಿಗೆ ದುಡ್ಡು, ಮೂರಕ್ಕೂ ಆದೇಶ ತರೋಣ. ಅದರ 23ನೇ ಸೆಕ್ಷನ್ನಿನಲ್ಲಿ ಮಧ್ಯಂತರ ಆದೇಶ ಕೇಳಲು ಮರೆಯಬೇಡಿ. 60 ದಿನಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ, ನಮ್ಮ ಅನುಭವದಲ್ಲಿ ವರ್ಷ ದಾಟಿದವೇ ಹೆಚ್ಚು.

"ಮನೆ ನಮ್ಮಪ್ಪನ ಹೆಸರಲ್ಲಿದೆ, ಆಚೆ ನಡಿ" ಎನ್ನುವುದು ಫೌಜಿ ಮನೆಗಳಲ್ಲಿ ಮಾಮೂಲು. ನಿವೃತ್ತಿಯಾದಾಗ ಒಟ್ಟಿಗೆ ಬಂದ ಗ್ರಾಚ್ಯುಟಿ, ಕಮ್ಯುಟೇಶನ್ ದುಡ್ಡು ಸುರಿದು ಕಟ್ಟಿದ್ದೇ ಅಪ್ಪನ ಸೈಟಿನಲ್ಲಿ. 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಹೇಳಿದ್ದನ್ನು, ಅಂದರೆ ಗಂಡನ ಸಂಬಂಧಿಕರ ಹೆಸರಿನಲ್ಲಿರುವ ಮನೆಯೂ ಅವಳು ಸಂಸಾರ ಮಾಡಿದ, ವಾಸದ ಹಕ್ಕು ಕೇಳಬಹುದಾದ ಮನೆಯಾಗಬಹುದು ಎಂಬುದನ್ನು, ಜೆರಾಕ್ಸ್ ಮಾಡಿಸಿಯೇ ಇಟ್ಟುಕೊಂಡಿದ್ದೇವೆ. ಅದೇ ವರ್ಷ ನವೆಂಬರಿನ ರಜನೇಶ್ ನೇಹಾ ತೀರ್ಪಿನ ಪ್ರಕಾರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆದಾಯದ ಅಫಿಡವಿಟ್ ಹಾಕಬೇಕು. ಅಲ್ಲಿ ಅವನು ಸೆಕ್ಯೂರಿಟಿ ಸಂಬಳ 14,000 ಮಾತ್ರ ತೋರಿಸಿ ಪಿಂಚಣಿ ನುಂಗುತ್ತಾನೆ, ಇಲ್ಲ ಪಿಂಚಣಿ ತೋರಿಸಿ ಸಂಬಳ ನುಂಗುತ್ತಾನೆ. ಪಿಂಚಣಿಗೆ ಕೈ ಹಾಕಿದರೆ ಎದುರು ವಕೀಲರು 1871ರ ಪಿಂಚಣಿ ಕಾಯ್ದೆಯ 11ನೇ ಸೆಕ್ಷನ್ ಎತ್ತುತ್ತಾರೆ. ಅದು ಸಾಲ ಕೊಟ್ಟವರ ಕೈಯಿಂದ ಪಿಂಚಣಿ ಉಳಿಸಲು ಬಂದದ್ದು, ಹೆಂಡತಿ ಸಾಲ ಕೊಟ್ಟವಳಲ್ಲ ಎಂಬುದು ನಮ್ಮ ವಾದ. ಗೆದ್ದದ್ದೂ ಇದೆ, ಸೋತದ್ದೂ ಇದೆ. ಇನ್ನೂ ಸರ್ವಿಸಿನಲ್ಲಿರುವವನಾದರೆ ಕೆಲಸ ಸುಲಭ. ಸೇನಾ ಕಾಯ್ದೆಯಡಿ ಸಂಬಳದಿಂದಲೇ ಹೆಂಡತಿಗೆ ಜೀವನಾಂಶ ಕಡಿತ ಮಾಡಿಸಬಹುದು, ಅರ್ಜಿ ಯೂನಿಟ್ಟಿಗೆ ಹೋಗಬೇಕು. ಡಿಸ್ಚಾರ್ಜ್ ಆದ ಮೇಲೆ ಆ ಬಾಗಿಲು ಮುಚ್ಚಿದ ಹಾಗೇ.

2025ರ ಜುಲೈ 26ರಿಂದ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವಾದ ನಾಲ್ಸಾದವರು ವೀರ ಪರಿವಾರ ಸಹಾಯತಾ ಯೋಜನೆ ಶುರು ಮಾಡಿ ಸೈನಿಕ ಕಲ್ಯಾಣ ಕಚೇರಿಗಳಲ್ಲಿ ಕಾನೂನು ನೆರವು ಕೊಡಲು ಹೊರಟಿದ್ದಾರೆ. ಒಳ್ಳೆಯದೇ. ಆದರೆ ಗಂಡನ ಜಮೀನು ಕೇಸ್ ನೋಡುತ್ತಿರುವ ಪ್ಯಾನೆಲ್ ವಕೀಲರೇ ಹೆಂಡತಿಯ ಕೇಸಿಗೂ ಬರದಂತೆ ನೋಡಿಕೊಳ್ಳಿ. ಹೆಂಗಸಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಿಂದಲೇ ಸಿಗುತ್ತಾರೆ, ಬೇರೆಯವರನ್ನು ಕೊಡಿ ಎಂದು ಬರೆದು ಕೇಳಿ.

ಬಂದೂಕಿನ ಬಗ್ಗೆ ಯಾರೂ ಕೇಳುವುದಿಲ್ಲ, ನಾನು ಕೇಳುತ್ತೇನೆ. ಬ್ಯಾಂಕು, ಕ್ಯಾಷ್ ವ್ಯಾನ್ ಡ್ಯೂಟಿಗೆ ಹೋಗುವ ಮಾಜಿ ಸೈನಿಕರ ಹತ್ತಿರ ಲೈಸೆನ್ಸ್ ಗನ್ ಇರುತ್ತದೆ, ಗನ್‌ಮ್ಯಾನ್ ಎಂದರೆ ತಿಂಗಳಿಗೆ ಮೂರು ನಾಲ್ಕು ಸಾವಿರ ಜಾಸ್ತಿ. ಕುಡಿದ ರಾತ್ರಿ ಅದನ್ನು ಹೊರಗೆ ತೆಗೆದು ಒರೆಸುತ್ತಾ ಕೂರುತ್ತಾನೆ, ಅಷ್ಟೇ, ಬಾಯಲ್ಲಿ ಏನೂ ಅನ್ನಲ್ಲ. ಡಿಐಆರಿನಲ್ಲಿ ಇದು ಬರಲೇಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 17ನೇ ಸೆಕ್ಷನ್ನಿನ ಪ್ರಕಾರ ಲೈಸೆನ್ಸ್ ಅಮಾನತು ಮಾಡಿಸಲು ಅರ್ಜಿ ಹಾಕಬಹುದು. ಆದರೆ ಲೈಸೆನ್ಸ್ ಹೋದರೆ ಕೆಲಸ ಹೋಗುತ್ತದೆ, ಮನೆಗೆ ಬರುವ ದುಡ್ಡು ನಿಲ್ಲುತ್ತದೆ ಎಂದು ಹೆಂಡತಿಯೇ ಬೇಡ ಅನ್ನುತ್ತಾಳೆ. ನಾವು ಕಂಡುಕೊಂಡ ದಾರಿ: ಎಲೆಕ್ಷನ್ ಬಂದಾಗ ಲೈಸೆನ್ಸ್ ಬಂದೂಕುಗಳನ್ನು ಠಾಣೆಯಲ್ಲಿ ಇಡಿಸಿಕೊಳ್ಳುತ್ತಾರಲ್ಲ, ವಾಪಸ್ ತರುವ ಹೊತ್ತಿಗೆ ಸುಬೇದಾರ್ ಸಾಬ್ ಮಾತಾಡುತ್ತಾರೆ. ಡ್ಯೂಟಿ ಇಲ್ಲದ ದಿನ ಲೈಸೆನ್ಸ್ ಇರುವ ಡೀಲರ ಹತ್ತಿರ ಇಡಲು ಒಪ್ಪಿಸುತ್ತಾರೆ. ಬಾಡಿಗೆ ತಿಂಗಳಿಗೆ ಇನ್ನೂರು ಮುನ್ನೂರು, ಕೆಲವರದನ್ನು ನಾವೇ ಕಟ್ಟಿದ್ದೇವೆ. ಆರೇಳು ಗನ್ ಹೀಗೆ ಮನೆಯಿಂದ ಆಚೆ ಹೋಗಿವೆ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಹೆಮ್ಮೆ ಇರುವುದು ಈ ಲೆಕ್ಕದ ಮೇಲೆ.

2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿಗೆಂದು ಗಂಡನ ಹತ್ತಿರ ಕೈ ಒಡ್ಡುವುದು ತಪ್ಪಿತು, ನಮ್ಮಲ್ಲಿಗೆ ಒಬ್ಬೊಬ್ಬರೇ ಬರುವವರು ಕಣ್ಣಿಗೆ ಕಾಣುವಷ್ಟು ಹೆಚ್ಚಾದರು. ಆದರೆ ಆ ಶೂನ್ಯ ಟಿಕೆಟ್ಟಿನಲ್ಲಿ ಎಲ್ಲಿಂದ ಎಲ್ಲಿಗೆ ಎಂದು ಅಚ್ಚಾಗಿರುತ್ತದೆ. ಪರ್ಸ್ ತಡಕುವ ಗಂಡನಿಗೆ ಅದೇ ಸಾಕು. ಬಸ್ ಸ್ಟ್ಯಾಂಡಿನಲ್ಲೇ ಹರಿದು ಹಾಕಲು ಹೇಳುತ್ತೇವೆ. ನಮ್ಮಲ್ಲಿ 20 ರೂಪಾಯಿ ತೆಗೆದುಕೊಂಡು 'ಪಿಂಚಣಿ ಫಾರಂ ಜೆರಾಕ್ಸ್' ಎಂದು ರಸೀದಿ ಕೊಡುತ್ತೇವೆ, ಅದು ಪರ್ಸಿನಲ್ಲಿ ಇರಲಿ. ಆಧಾರ್, ಇಸಿಎಚ್ಎಸ್ ಕಾರ್ಡ್, ಗೃಹಲಕ್ಷ್ಮಿ ಬರುವ ಖಾತೆಯ ಪಾಸ್‌ಬುಕ್, ಇವುಗಳ ನಕಲು ಮೊದಲ ದಿನವೇ ನಮ್ಮ ಬೀರುವಿಗೆ.

ಕುಡಿತದ ಮೇಲೆ ಬೇರೆಯೇ ಬರೆಯಬೇಕು, ಇಲ್ಲಿ ಎರಡು ಮಾತು. ಮಿಲಿಟರಿ ಕ್ಯಾಂಟೀನ್ ಕಾರ್ಡನ್ನು ಹೆಂಡತಿಯ ಕೈಗೆ ಕೊಡಿಸಿದರೆ ಬಾಟಲಿ ಕಡಿಮೆಯಾಗುತ್ತದೆ ಎಂದು ನಾಲ್ಕೈದು ಮನೆಗಳಲ್ಲಿ ಮಾಡಿ ನೋಡಿದೆವು. ಕ್ಯಾಂಟೀನಿನ ರಮ್ ಬದಲು ವೈನ್ ಶಾಪಿನದು ಬಂತು, ಮನೆ ಖರ್ಚಿನಲ್ಲಿ ಮೂರು ಸಾವಿರ ಕಡಿತ, ಕಾರ್ಡಿಗಾಗಿ ಹೊಸ ಜಗಳ. ಬಿಟ್ಟೆವು. ಇನ್ನೊಂದು, ಕುಡಿತ ಬಿಡಿಸುವ ಪುಡಿ. ಹೆಂಗಸರು ಜಾಹೀರಾತು ನೋಡಿ ಎರಡು ಎರಡೂವರೆ ಸಾವಿರ ಕೊಟ್ಟು ತರಿಸಿ ಸಾರಿನಲ್ಲಿ ಬೆರೆಸುತ್ತಾರೆ. ಅದರಲ್ಲಿ ಏನಿದೆಯೋ ದೇವರಿಗೇ ಗೊತ್ತು. ಡೈಸಲ್ಫಿರಾಮ್ ಆಗಿದ್ದರಂತೂ, ಗೊತ್ತಿಲ್ಲದೆ ತಿಂದವನು ಕುಡಿದಾಗ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಇಳಿದು ಜೀವಕ್ಕೇ ಬರಬಹುದು. ತಿಳಿದರೆ ಹೊಡೆತ ಅವಳಿಗೇ. ಆ ಮಾತ್ರೆ ಅವನ ಒಪ್ಪಿಗೆಯಿಂದ, ಮನೋವೈದ್ಯರ ಚೀಟಿಯಿಂದ ಮಾತ್ರ. ಕುಡಿತ ಬಿಟ್ಟ ಮೇಲೂ ಹೊಡೆಯುವವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಲೆಕ್ಕ ಹೇಳಿಬಿಡುತ್ತೇನೆ. ತಿಂಗಳಿಗೆ 23,000ದಿಂದ 25,000 ಖರ್ಚು. ಬಾಡಿಗೆ ಈಗ 8,000, ಒಬ್ಬ ಹುಡುಗಿಗೆ ಸಂಬಳ 9,000, ಉಳಿದದ್ದು ಇಂಕು, ಕರೆಂಟು, ಆಟೊ, ಸುಬೇದಾರ್ ಸಾಬ್ ಪೆಟ್ರೋಲು. ಜೆರಾಕ್ಸ್, ಫಾರಂ ಸೇರಿ 6,000 ಹುಟ್ಟುತ್ತದೆ, ನವೆಂಬರಿನಲ್ಲಿ ಜೀವನ ಪ್ರಮಾಣ ಪತ್ರದ ಜಾತ್ರೆಯಿಂದ 15,000 ದಾಟುತ್ತದೆ. ಮಿಕ್ಕದ್ದು ದಾನಿಗಳದು, ತುಂಡು ಬಿದ್ದ ತಿಂಗಳು ನಮ್ಮ ಯಜಮಾನರ ಪಿಂಚಣಿ. ಅವರು ಈಗ ನಗುವುದಿಲ್ಲ, ನವೆಂಬರಿನಲ್ಲಿ ಅವರೇ ಮಿಷನ್ ಮುಂದೆ ಕೂರುತ್ತಾರೆ.

ಈ ಮೇಜು ನಡೆಯುವುದು ಪಿಂಚಣಿ ಇರುವ ತನಕ. 2022ರಿಂದ ಸೇರಿದ ಅಗ್ನಿವೀರರಲ್ಲಿ ಹೆಚ್ಚಿನವರು ನಾಲ್ಕು ವರ್ಷಕ್ಕೇ ವಾಪಸ್ ಬರುತ್ತಾರೆ. ಅವರಿಗೆ ಪಿಂಚಣಿಯೂ ಇಲ್ಲ, ಇಸಿಎಚ್ಎಸ್ಸೂ ಇಲ್ಲ, ಗುರುತಿನ ಮಚ್ಚೆಯ ಕಾಲಂ ತುಂಬಲು ಕಾರಣವೇ ಇಲ್ಲ. ಇಪ್ಪತ್ತೈದರ ಹುಡುಗರು, ಕೈಯಲ್ಲಿ ಹತ್ತು ಲಕ್ಷದ ಮೇಲೆ ದುಡ್ಡು, ಹೊಸ ಮದುವೆ. ಸೇವೆ ಮುಗಿದಾಗ ಸಿಗುವ ಸೇವಾ ನಿಧಿಯ ಆ ದುಡ್ಡು ಹೂಡುವ ಬಗ್ಗೆ ಗಂಡ ಹೆಂಡತಿಗೆ ಬೇರೆ ಬೇರೆ ಸಲಹೆ ಕೊಡುವ ಮೇಜು ಹಾಕಿದರೆ ಹೇಗೆ ಎಂದು ಸುಬೇದಾರ್ ಸಾಬ್ ಕೇಳುತ್ತಿದ್ದಾರೆ. ಮುಳಬಾಗಿಲಿನಲ್ಲಿ ಒಂದು ಕೋಣೆ ನೋಡಿ ಬಂದಿದ್ದೇವೆ, ಅಡ್ವಾನ್ಸ್ 30,000 ಕೇಳುತ್ತಿದ್ದಾರೆ, ಕೆಳಗೆ ಟೀ ಅಂಗಡಿ ಇಲ್ಲ. ಈ ಕೆಲಸದಲ್ಲಿರುವವರು ಬಂದು ನೋಡುವುದಾದರೆ ಮಂಗಳವಾರ ಬಿಟ್ಟು ಬನ್ನಿ, ಅವತ್ತು ನಾವು ಆಸ್ಪತ್ರೆಯಲ್ಲಿರುತ್ತೇವೆ.